ಹಳೆಯ ಕಡಲ ನಕ್ಷೆಗಳ ಮರುಮುದ್ರಣ: ಗೆರೆಯನ್ನಷ್ಟೇ ಮುದ್ರಿಸಿದ ನನ್ನ ಅನುಭವ

ಹಳೆಯ ಕಡಲ ನಕ್ಷೆಯನ್ನು ಗೋಡೆಗಾಗಿ ಮರುಮುದ್ರಿಸುವಾಗ ಮೂಲ ಕಾಗದದ ಹಳದಿಯನ್ನು ಮುದ್ರಿಸಬಾರದು, ಅಂದು ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ ಕಪ್ಪು ಗೆರೆಯನ್ನು ಮಾತ್ರ ಒಳ್ಳೆಯ ಹತ್ತಿ ಕಾಗದದ ಮೇಲೆ ಮುದ್ರಿಸಬೇಕು ಎಂದು ನಾನು ನಾಲ್ಕೈದು ವರ್ಷಗಳಿಂದ ವಾದಿಸುತ್ತ ಬಂದಿದ್ದೇನೆ. ಬೆಂಗಳೂರಿನ ಮುದ್ರಕ ಮಿತ್ರರು ಇದನ್ನು ಒಪ್ಪಲಿಲ್ಲ. ಮಂಗಳೂರಿನಲ್ಲಿ ನನಗೆ ಚೌಕಟ್ಟು ಹಾಕಿಕೊಡುವವರಂತೂ “ಹಳದಿ ಇಲ್ಲದಿದ್ದರೆ ಅದು ಹಳೆಯ ನಕ್ಷೆ ಎಂದು ಯಾರು ನಂಬುತ್ತಾರೆ ಮಾರಾಯ್ರೆ” ಎಂದು ನೇರವಾಗಿಯೇ ಹೇಳಿದರು. ಹಾಗೆ ಮುದ್ರಿಸಿದ ಕಾರವಾರ ಮತ್ತು ಮಂಗಳೂರಿನ ಹಾಳೆಗಳು ಈಗ ಮೂರು ಮಳೆಗಾಲ ದಾಟಿ ಗೋಡೆಯ ಮೇಲೆ ಚೆನ್ನಾಗಿಯೇ ಇವೆ, ಹಿಂದೆ ನಿರಾಕರಿಸಿದ್ದ ಗಿರಾಕಿಗಳೇ ಮತ್ತೆ ಕೇಳಿ ಬರುತ್ತಿದ್ದಾರೆ. ಆದ್ದರಿಂದ ಈ ಕೆಲಸದಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ವರ್ಷ ನಾನೂ ಎಲ್ಲರಂತೆ ಸ್ಕ್ಯಾನನ್ನು ಬಣ್ಣದಲ್ಲಿಯೇ, ಕಲೆ ಮತ್ತು ಮಡಿಕೆಗಳ ಸಮೇತ ಮುದ್ರಿಸುತ್ತಿದ್ದೆ. ಎರಡು ಮೀಟರ್ ದೂರದಿಂದ ಅದು ಸೊಗಸಾಗಿಯೇ ಕಾಣುತ್ತಿತ್ತು. ಆದರೆ ಚಾರ್ಟನ್ನು ಯಾರೂ ದೂರ ನಿಂತು ನೋಡುವುದಿಲ್ಲ; ತಮ್ಮ ಊರು, ತಮ್ಮ ಅಳಿವೆ, ಅಲ್ಲಿಯ ಆಳದ ಅಂಕಿ ಹುಡುಕುತ್ತ ಮೂಗು ತಾಗುವಷ್ಟು ಹತ್ತಿರ ಬರುತ್ತಾರೆ. ಹತ್ತಿರ ಬಂದೊಡನೆ, ತೆಳು ಹಳದಿಯನ್ನು ಕಟ್ಟಲು ಯಂತ್ರ ಚೆಲ್ಲಿದ ಹಳದಿ, ಕೆನ್ನೀಲಿ ಚುಕ್ಕೆಗಳು ಕಣ್ಣಿಗೆ ಬೀಳುತ್ತವೆ. ಅದೇ ಹಾಳೆ ಕಿಟಕಿಯ ಬೆಳಕಿನಲ್ಲಿ ಒಂದು ಬಣ್ಣ, ಎಲ್‌ಇಡಿ ದೀಪದಡಿ ಇನ್ನೊಂದು ಬಣ್ಣ. ಬಣ್ಣದ ಶಾಯಿಗಳಲ್ಲಿ ಸಾಮಾನ್ಯವಾಗಿ ಹಳದಿಯೇ ಬೇಗ ಸೋಲುವುದರಿಂದ, ಪಶ್ಚಿಮದ ಬಿಸಿಲು ಬೀಳುವ ಒಂದು ಹೋಟೆಲಿನ ಮೊಗಸಾಲೆಯಲ್ಲಿ ನೇತುಹಾಕಿದ್ದ ಹಾಳೆಗಳು ಎರಡು ಬೇಸಿಗೆಯೊಳಗೆ ಗುಲಾಬಿಗೆ ತಿರುಗಿದವು. ಅವನ್ನೆಲ್ಲ ನನ್ನ ಖರ್ಚಿನಲ್ಲಿ ಬದಲಾಯಿಸಿಕೊಟ್ಟಾಗ ಕೈಯಿಂದ ಹೋದದ್ದು ನಲವತ್ತು ಸಾವಿರದ ಆಸುಪಾಸು. ಬರಿಯ ಕಪ್ಪು ಶಾಯಿಯಲ್ಲಿ ಈ ಮೂರೂ ತೊಂದರೆಗಳಿಲ್ಲ. ಮ್ಯಾಟ್ ಕಪ್ಪು ಇಂಗಾಲದ ವರ್ಣದ್ರವ್ಯವಾದ್ದರಿಂದ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸದ ಹತ್ತಿ ಕಾಗದದ ಮೇಲೆ ತಾನಾಗಿಯೇ ತುಸು ಬೆಚ್ಚಗಿನ ಛಾಯೆ ಕೊಡುತ್ತದೆ, ಹಳೆಯ ತಾಮ್ರಮುದ್ರಣದ ಶಾಯಿಗೆ ಅದು ಬಹಳ ಹತ್ತಿರವಾಗಿದೆ.

ಮೂಲ ಪ್ರತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ಸಂಗ್ರಹಗಳು ದೊಡ್ಡ ಟಿಫ್ ಕಡತಗಳನ್ನು ಉಚಿತವಾಗಿ ಕೊಡುತ್ತವೆ. ಮಾರಾಟಕ್ಕೆ ಬಳಸುವ ಷರತ್ತು ಸಂಗ್ರಹದಿಂದ ಸಂಗ್ರಹಕ್ಕೆ ಬೇರೆಯಾಗಿರುವುದರಿಂದ ಪ್ರತಿಯೊಂದನ್ನೂ ಓದಿಯೇ ಮುಂದುವರಿಯಬೇಕು. ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯ ಇಂದಿನ ಚಾರ್ಟ್‌ಗಳನ್ನು ನಾನು ಮುಟ್ಟುವುದಿಲ್ಲ. ಹಳೆಯದಾದರೂ ಪ್ರತಿ ಹಾಳೆಯ ಅಂಚಿನಲ್ಲಿ ಇದು ನೌಕಾಯಾನಕ್ಕಲ್ಲ ಎಂಬ ಸಾಲನ್ನು ತಪ್ಪದೆ ಸೇರಿಸುತ್ತೇನೆ. ನನ್ನ ಅತ್ಯುತ್ತಮ ಹಾಳೆಗಳು ಮಾತ್ರ ಹಡಗಿನಲ್ಲಿ ದುಡಿದವರ ಮನೆಗಳಿಂದ ಎರವಲು ಬಂದ ಕಾಗದಗಳು. ಅವುಗಳನ್ನು ಭಾಗ ಭಾಗವಾಗಿ, ದೀಪ ಮತ್ತು ಲೆನ್ಸ್ ಎರಡಕ್ಕೂ ಪ್ರತಿಫಲನ ತಡೆಯುವ ಪೋಲರೈಸರ್ ಹಾಕಿ, ಇಂಚಿಗೆ 600 ಪಿಕ್ಸೆಲ್ ಸಿಗುವಂತೆ ಛಾಯಾಚಿತ್ರ ತೆಗೆದು ಜೋಡಿಸುತ್ತೇನೆ. ತಾಮ್ರದಲ್ಲಿ ಕೊರೆದ ಅತಿ ತೆಳು ಗೆರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುತ್ತದೆ. 300ರಲ್ಲಿ ಅದು ಒಂದೇ ಪಿಕ್ಸೆಲ್‌ಗೆ ಕುಗ್ಗಿ ಹರಿದು ಹೋಗುತ್ತದೆ, 600ರಲ್ಲಿ ಎರಡು ಮೂರು ಪಿಕ್ಸೆಲ್ ಹಿಡಿದು ಉಳಿಯುತ್ತದೆ.

ಗೆರೆಯನ್ನು ಕಾಗದದಿಂದ ಬಿಡಿಸುವ ಕೆಲಸವೇ ಇಲ್ಲಿ ಮುಖ್ಯ. ಚಿತ್ರದ ಇನ್ನೊಂದು ಪ್ರತಿಯನ್ನು ಗೆರೆಗಳೆಲ್ಲ ಕರಗುವಷ್ಟು ಮಸುಕಾಗಿಸಿ, ಮೂಲವನ್ನು ಅದರಿಂದ ಭಾಗಿಸಿದರೆ ಕಲೆ, ನೆರಳು, ಮಡಿಕೆಯ ಕಂದು ಬಹುತೇಕ ಮಾಯವಾಗುತ್ತವೆ. ಮಸುಕಿನ ಅಳತೆಯನ್ನು ಹಾಳೆಯ ಎಲ್ಲ ಕಡೆ ಒಂದೇ ಇಡಬಾರದು ಎಂಬಷ್ಟನ್ನು ಹೇಳುತ್ತೇನೆ. ಎಲ್ಲೆಲ್ಲಿ ಎಷ್ಟು ಎಂಬುದು ನನ್ನ ಬಳಿಯೇ ಇರಲಿ. ಅನಂತರ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿ, ಬೂದು ಅಂಚುಗಳನ್ನು ಬಿಗಿಗೊಳಿಸಿ, ಇಂಚಿಗೆ 720 ಪಿಕ್ಸೆಲ್‌ಗೆ ಇಳಿಸಿ ಮುದ್ರಣಯಂತ್ರಕ್ಕೆ ಕೊಡುತ್ತೇನೆ. ಉಳಿದದ್ದೆಲ್ಲ ಕೈಕೆಲಸ. ಕಾರವಾರದ ಹಾಳೆಯ ಆಳದ ಅಂಕಿಗಳನ್ನು ಒಂದೊಂದಾಗಿ ಸರಿನೋಡಲು ಮೂರು ವಾರ ಹಿಡಿಯಿತು, ಏಕೆಂದರೆ 3 ಮಾರು ಆಳದ ಅಂಕಿ ಕಲೆಯೊಂದರಿಂದ 8 ಆಗಿ ಕಂಡರೆ ಆ ನಕ್ಷೆ ಸುಳ್ಳು ಹೇಳುತ್ತದೆ. ತಿದ್ದುಪಡಿಗಾಗಿ ತಗಡನ್ನು ಹಿಂದಿನಿಂದ ಬಡಿದು ಮತ್ತೆ ಕೊರೆದ ಕಡೆ ಹಳೆಯ ಗೆರೆಯ ಮಸುಕು ಗುರುತು ಉಳಿದಿರುತ್ತದೆ. ಅದನ್ನು ನಾನು ಅಳಿಸುವುದಿಲ್ಲ. ಯಾವನೋ ನಾವಿಕ ಪೆನ್ಸಿಲಿನಲ್ಲಿ ಎಳೆದ ಹಡಗಿನ ಹಾದಿಯನ್ನೂ ಪ್ರತ್ಯೇಕ ಪದರದಲ್ಲಿ ಕಾಪಾಡುತ್ತೇನೆ, ಅದು ಬೇಕೆನ್ನುವ ಗಿರಾಕಿಗಳಿದ್ದಾರೆ.

ಅಳತೆಯ ವಿಷಯವನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. ತಾಮ್ರಮುದ್ರಣಕ್ಕೆ ಕಾಗದವನ್ನು ತೇವಗೊಳಿಸುತ್ತಿದ್ದರು, ಒಣಗುವಾಗ ಅದು ಉದ್ದಕ್ಕೂ ಅಗಲಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತಿತ್ತು. ಕೊಂಚ ಈಚಿನ ಅಡ್ಮಿರಾಲ್ಟಿ (ಬ್ರಿಟಿಷ್ ನೌಕಾಡಳಿತ) ಚಾರ್ಟ್‌ಗಳ ಕೆಳಮೂಲೆಯಲ್ಲಿ ಒಳಚೌಕಟ್ಟಿನ ಅಳತೆಯನ್ನು ಇಂಚುಗಳಲ್ಲಿ ನಮೂದಿಸಿರುವುದರಿಂದ ಎರಡು ದಿಕ್ಕುಗಳನ್ನೂ ಬೇರೆ ಬೇರೆಯಾಗಿ ಸರಿಪಡಿಸಬಹುದು. ಆ ನಮೂದಿಲ್ಲದ ಹಾಳೆಗಳಿಗೆ ನಾನು ಅಂಚಿನ ಅಕ್ಷಾಂಶ ರೇಖಾಂಶಗಳನ್ನೇ ಅಳೆಯುತ್ತೇನೆ: ನಮ್ಮ ಕರಾವಳಿಯ ಅಕ್ಷಾಂಶದಲ್ಲಿ, ಅಕ್ಷಾಂಶ ರೇಖಾಂಶಗಳು ನೇರ ಗೆರೆಗಳಾಗಿ ಬರುವ ಮರ್ಕೇಟರ್ ನಕ್ಷೆಯ ಮೇಲೆ, ಅಕ್ಷಾಂಶದ ಒಂದು ಮಿನಿಟು ರೇಖಾಂಶದ ಒಂದು ಮಿನಿಟಿಗಿಂತ ಎರಡೂವರೆ ಪ್ರತಿಶತದಷ್ಟು ಉದ್ದವಿರಬೇಕು. ಇದನ್ನು ಕಂಡುಕೊಂಡ ಮೇಲೆಯೇ, ಪಕ್ಕಪಕ್ಕದ ಎರಡು ಹಾಳೆಗಳನ್ನು ಜೋಡಿಸಿ ದೊಡ್ಡ ಗೋಡೆಗೆ ಹಾಕುವಾಗ ತೀರದ ಗೆರೆ ಕೂಡತೊಡಗಿತು.

ಕಾಗದಕ್ಕೆ ನಾನು ಸುರಿದ ಹಣ ದೊಡ್ಡದು. ಜೈಪುರದ ಬಳಿಯ ಸಾಂಗಾನೇರಿನ ಕೈಕಾಗದದ ಮೇಲೆ ಆಸೆಪಟ್ಟು ಒಂದು ಕಟ್ಟು ತರಿಸಿದೆ. ಲೇಪವಿಲ್ಲದ ಕಾಗದದಲ್ಲಿ ಶಾಯಿ ಹಬ್ಬಿ ಸೊನ್ನೆಗಳೆಲ್ಲ ಮುಚ್ಚಿಹೋದವು. ಅಕ್ಕಿಗಂಜಿಯ ತಿಳಿ ಸವರಿದಾಗ ಗೆರೆ ನಿಂತಿತು, ಆದರೆ ಆಷಾಢದಲ್ಲಿ ಇಡೀ ಕಟ್ಟಿಗೆ ಬೂಷ್ಟು ಹಿಡಿಯಿತು, ಉಳಿದದ್ದನ್ನು ಹುಳ ತಿಂದಿತು. ಜೆಲಾಟಿನ್ ಲೇಪ ಅದಕ್ಕಿಂತ ವಾಸಿ. ಈ ನಡುವೆ ಕಾಗದದ ಎದ್ದ ನಾರು ತಾಗಿ ಮುದ್ರಣಯಂತ್ರದ ಶಾಯಿ ಚಿಮ್ಮಿಸುವ ಹೆಡ್ ಹಾಳಾಯಿತು. ಅದಕ್ಕೆ ಹೆಚ್ಚುಕಡಿಮೆ ಅರವತ್ತು ಸಾವಿರ. ಈಗ ಚದರ ಮೀಟರಿಗೆ 300 ಗ್ರಾಂ ತೂಕದ, ಲೇಪವಿರುವ ಹತ್ತಿ ಕಾಗದದ ಸುರುಳಿಯನ್ನೇ ಬಳಸುತ್ತೇನೆ, ಕೈಕಾಗದವನ್ನು ಸಣ್ಣ ಬಂದರು ನಕ್ಷೆಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಸುರುಳಿಯನ್ನು ಮುದ್ರಣಕ್ಕೆ ಮೊದಲು ಎರಡು ದಿನ ತೇವಾಂಶ 50–55 ಪ್ರತಿಶತದ ಕೋಣೆಯಲ್ಲಿ ಇಡದೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಈ ಕೆಲಸ ಸಾಧ್ಯವೇ ಇಲ್ಲ.

ಈ ಮಧ್ಯೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲಿನ ಭಾಗವನ್ನು, ಚಾರ್ಟ್‌ನಲ್ಲಿ ಪಿಜನ್ ಐಲ್ಯಾಂಡ್ ಎಂದಿರುವುದನ್ನು, ಬೆಳಕಿಗೆ ಗಟ್ಟಿಯಾಗುವ ಪಾಲಿಮರ್ ತಗಡಿನ ಮೇಲೆ ಇಳಿಸಿ ಕೊರೆದ ತಗಡಿನಿಂದ ಅಚ್ಚೊತ್ತುವ ಎಚಿಂಗ್ ಪ್ರೆಸ್ಸಿನಲ್ಲಿ ಒತ್ತಿ ನೋಡಿದೆ. ಶಾಯಿ ಕಾಗದದ ಮೇಲೆ ಬೆರಳಿಗೆ ತಾಗುವಂತೆ ಎದ್ದು ನಿಂತ ಆ ಸೊಬಗು ಯಾವ ಮುದ್ರಣಯಂತ್ರಕ್ಕೂ ಬಾರದು. ಆದರೆ ತೊಳೆಯುವಾಗ ಚಿಕ್ಕ ಅಂಕಿಗಳು ಉದುರಿದವು, ತಗಡೊಂದಕ್ಕೆ ಸಾವಿರದಷ್ಟು ಬಿದ್ದಿತು. ಕೈಬಿಟ್ಟೆನಾದರೂ ಆ ಪ್ರೆಸ್ಸು ವ್ಯರ್ಥವಾಗಲಿಲ್ಲ: ಮುದ್ರಿತ ಹಾಳೆಯ ಸುತ್ತ ತಗಡಿನ ಅಂಚಿನ ಒತ್ತುಗುರುತು ಮೂಡಿಸಲು ಈಗ ಅದನ್ನೇ ಬಳಸುತ್ತೇನೆ. ಅಂಚು ಇಳಿಜಾರಾಗಿ ಉಜ್ಜಿದ ಎರಡು ಮಿಲಿಮೀಟರ್ ಅಕ್ರಿಲಿಕ್ ಹಲಗೆ ಸಾಕು. ಮುದ್ರಣ ಕೆಡದಂತೆ ಕಾಗದಕ್ಕೆ ತೇವ ಕೊಡುವ ಬಗೆಯನ್ನು ಮಾತ್ರ ಬಹಳ ಹಾಳೆಗಳನ್ನು ಕಳೆದುಕೊಂಡು ಕಲಿತಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಬಣ್ಣವನ್ನು ಹಿಂದಿನವರಂತೆ ಕೈಯಿಂದಲೇ ಹಾಕುತ್ತೇನೆ. ದೀಪಸ್ತಂಭಗಳಿಗೆ ಹಳದಿ ಬೊಟ್ಟು, ಅದರೊಳಗೆ ಕೆಂಪು, ಅಷ್ಟೇ. ಕಾರವಾರದ ಆಯ್‌ಸ್ಟರ್ ರಾಕ್ ದೀಪ ಬೆಳಗಿದ್ದು 1864ರಲ್ಲಿ. ಅದಕ್ಕೂ ಹಿಂದಿನ ಹಾಳೆಯ ಮೇಲೆ ಅಂದಕ್ಕಾಗಿ ಅಲ್ಲೊಂದು ಬೊಟ್ಟು ಇಡಿ ಎಂದು ಕೇಳಿದವರಿಗೆ ನಾನು ಒಪ್ಪಲಿಲ್ಲ. ಹಾಗೆಯೇ ಬಿಟ್ಟ ಬಿಳಿ ಕಾಗದ, ಕಪ್ಪು ಗೆರೆ, ಎರಡು ಬೊಟ್ಟು ಬಣ್ಣ: ಗೋಡೆಗೆ ಇಷ್ಟೇ ಸಾಕು ಎಂಬುದರಲ್ಲಿ ಈಗ ನನಗೆ ಸಂಶಯವಿಲ್ಲ.

ಲೆಕ್ಕ ಹೇಳುವುದಾದರೆ, 25 × 38 ಇಂಚಿನ ಪೂರ್ಣ ಹಾಳೆಗೆ ಕಾಗದ, ಶಾಯಿ, ಹಾಳಾಗುವ ಪ್ರತಿಗಳ ಪಾಲು ಸೇರಿ ಸಾವಿರದ ಐನೂರರಷ್ಟು, ತೇಗದ ಚೌಕಟ್ಟಿಗೆ ಮೂರು ಸಾವಿರದಷ್ಟು ಬೀಳುತ್ತದೆ. ಏಳೂವರೆ ಸಾವಿರಕ್ಕೆ ಕೊಡುತ್ತೇನೆ. ಫ್ಲೆಕ್ಸ್ ಅಂಗಡಿಯಲ್ಲಿ ಒಂದು ಸಾವಿರಕ್ಕೆ ಕ್ಯಾನ್ವಾಸಿನ ಮೇಲೆ ಹಳದಿ ನಕ್ಷೆ ಸಿಗುತ್ತದೆ ಎನ್ನುವವರ ಮುಂದೆ ಎರಡನ್ನೂ ಇಟ್ಟು ಒಂದು ಭೂತಗನ್ನಡಿ ಕೊಡುತ್ತೇನೆ, ಹೆಚ್ಚಿನವರು ನನ್ನದನ್ನೇ ಕೊಂಡಿದ್ದಾರೆ. ಹಡಗು ಏಜೆಂಟರ ಕಚೇರಿಗಳು, ಹೋಂಸ್ಟೇಗಳು, ಗಲ್ಫಿನಲ್ಲಿರುವ ಊರವರು ನನ್ನ ಮುಖ್ಯ ಗಿರಾಕಿಗಳು. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡುವ ಹಳೆಯ ಬಂದರಿನ ಹಾಳೆಯನ್ನು ಬೆಂಗ್ರೆಯ ಮೀನುಗಾರ ಕುಟುಂಬಗಳೂ ಕೊಂಡಿವೆ. ಅವರಿಗೆ ಬೆಲೆ ಕಡಿಮೆ ಮಾಡಿದ್ದೇನೆ.

ಚೌಕಟ್ಟಿನ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಗಾಜು ಕಾಗದಕ್ಕೆ ತಾಗಬಾರದು, ನಡುವೆ ಆಮ್ಲರಹಿತ ರಟ್ಟಿನ ಅಂಚುಪಟ್ಟಿ (ಮೌಂಟ್) ಇರಲಿ. ಹಿಂದೆ ಹಾರ್ಡ್‌ಬೋರ್ಡ್ ಬೇಡ, ಗೆದ್ದಲು ಹಿಡಿಯದ ಅಲ್ಯುಮಿನಿಯಂ ಪದರದ ಹಾಳೆ ಹಾಕಿ. ನಾಲ್ಕು ಮೂಲೆಗಳಿಗೂ ರಬ್ಬರ್ ಗುಂಡಿ ಅಂಟಿಸಿ, ಗೋಡೆಗೂ ಚೌಕಟ್ಟಿಗೂ ನಡುವೆ ಬೆರಳು ನುಸುಳುವಷ್ಟು ಗಾಳಿ ಬಿಡಿ. ಮಳೆ ನೇರವಾಗಿ ಬಡಿಯುವ ಪಶ್ಚಿಮದ ಗೋಡೆಯ ಒಳಮೈಗೆ ನೇತುಹಾಕುವುದಾದರೆ ನಾನು ಮುದ್ರಣಕ್ಕೆ ಖಾತರಿ ಕೊಡುವುದಿಲ್ಲ, ರಸೀದಿಯಲ್ಲಿಯೂ ಹಾಗೆಯೇ ಬರೆಯುತ್ತೇನೆ.