ಮುದ್ದೆಯನ್ನೂ ತೂಗಿ ನೋಡಿದೆ

ನನ್ನ ತವರು ಚನ್ನರಾಯಪಟ್ಟಣದ ಕಡೆ, ಎರಡು ಹೊತ್ತೂ ರಾಗಿಮುದ್ದೆಯ ಮನೆ. ಸೇರಿದ್ದು ಸಕಲೇಶಪುರದ ಕಡೆಗೆ. ಇಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ ಇಲ್ಲವೇ ಕಡುಬು, ಆಮೇಲೆ ಎರಡು ಹೊತ್ತು ಅನ್ನ. ನನಗೆ ಟೈಪ್ 2 ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ತವರಿನವರು, ನೆಂಟರು, ತೋಟಕ್ಕೆ ಬರುವ ಆಳುಗಳು ಎಲ್ಲರೂ ಹೇಳಿದ್ದು ಒಂದೇ ಮಾತು: ಅನ್ನ ಬಿಟ್ಟು ಮುದ್ದೆಗೆ ಬಾ, ಶುಗರ್ ತಾನಾಗಿ ಇಳಿಯುತ್ತೆ.

ಅಡುಗೆ ಮಾಡುವವಳು ನಾನೇ. ಹಾಗಾಗಿ ಅಳೆದು ನೋಡೋಣ ಅನ್ನಿಸಿತು. ಬೆರಳಿನ ಹನಿ ರಕ್ತದಲ್ಲಿ ಶುಗರ್ ಅಳೆಯುವ ಒಂದು ಗ್ಲುಕೋಮೀಟರ್, ಅಡುಗೆಮನೆಗೊಂದು ಸಣ್ಣ ತೂಕದ ಮೆಷಿನ್ ತರಿಸಿದೆ. ಊಟ ಶುರುಮಾಡಿ ಎರಡು ಗಂಟೆಯಾದ ಮೇಲೆ ಶುಗರ್ 180ರೊಳಗೆ (ಮಿ.ಗ್ರಾಂ/ಡೆ.ಲೀ.) ಇರಬೇಕು ಎಂದು ಡಾಕ್ಟರು ಹೇಳಿದ್ದರು.

ಮೊದಲು ತವರಿನ ಅಳತೆಯ ಮುದ್ದೆಯನ್ನೇ ಕಟ್ಟಿದೆ. ಹಿಟ್ಟು ತೂಗಿದರೆ 120 ಗ್ರಾಂ. ಬರೀ ಸಾರಿನಲ್ಲಿ ತಿಂದೆ. ಎರಡು ಗಂಟೆಗೆ ಮೀಟರ್ 220 ದಾಟಿತ್ತು. ಇನ್ನೊಂದು ದಿನ 60 ಗ್ರಾಂ ಅಕ್ಕಿಯ ಅನ್ನ, ಜೊತೆಗೆ ಹುರುಳಿಕಾಳಿನ ಸಾರು ಕಾಳು ಸಮೇತ, ತಟ್ಟೆಯ ಅರ್ಧದಷ್ಟು ಬೀನ್ಸ್ ಪಲ್ಯ, ಒಂದು ಮೊಟ್ಟೆ. ಅವತ್ತು 160ರ ಆಸುಪಾಸು. ಹೋಲಿಕೆ ನ್ಯಾಯವಾಗಿರಲಿ ಎಂದು ಮತ್ತೊಮ್ಮೆ 70 ಗ್ರಾಂ ಹಿಟ್ಟಿನ ಸಣ್ಣ ಮುದ್ದೆಯನ್ನು ಅದೇ ಕಾಳು, ಪಲ್ಯ, ಮೊಟ್ಟೆಯ ಜೊತೆ ತಿಂದೆ. ಅದೂ ಹೆಚ್ಚುಕಡಿಮೆ ಅನ್ನದಷ್ಟೇ ಬಂತು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ (ಅರಗಿದಾಗ ಸಕ್ಕರೆಯಾಗಿ ರಕ್ತ ಸೇರುವ ಅಂಶ) ಇದೆ, ರಾಗಿಯಲ್ಲಿ ಸುಮಾರು 67. ಆ ದೊಡ್ಡ ಮುದ್ದೆಯಿಂದ ನನಗೆ ಹೋಗಿದ್ದು 80 ಗ್ರಾಂ, ಅನ್ನದಿಂದ 47. ರಾಗಿಯಲ್ಲಿ ನಾರು ಅಕ್ಕಿಗಿಂತ ಬಹಳ ಹೆಚ್ಚು, ಕ್ಯಾಲ್ಸಿಯಂ ಅಂತೂ ಅಕ್ಕಿಯಲ್ಲಿ ಹುಡುಕಿದರೂ ಸಿಗದಷ್ಟು. ಅದಕ್ಕೇ ನಾನು ರಾಗಿಯನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿದ ಹಿಟ್ಟು ಬೇಗ ಅರಗುತ್ತದೆ. ನಾರಿದೆ ಎಂದು ಎಷ್ಟು ಬೇಕಾದರೂ ಉಣ್ಣುವ ಹಾಗಿಲ್ಲ. 2025ರಲ್ಲಿ ಪ್ರಕಟವಾದ, ಸಕ್ಕರೆ ಕಾಯಿಲೆ ಕುರಿತ ದೇಶವ್ಯಾಪಿ ಐಸಿಎಂಆರ್-ಇಂಡಿಯಾಬ್ ಅಧ್ಯಯನವೂ ಹೇಳಿದ್ದು ಇದನ್ನೇ. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ. ಒಟ್ಟು ಪ್ರಮಾಣ ಇಳಿಸದೆ ಬರೀ ಅಕ್ಕಿಯ ಜಾಗಕ್ಕೆ ಗೋಧಿ, ಸಿರಿಧಾನ್ಯ ತಂದರೆ ಕಾಯಿಲೆಯ ಅಪಾಯ ತಗ್ಗುವುದಿಲ್ಲ.

ಈಗ ಬೆಳಿಗ್ಗೆ ಒಂದೇ ಅಕ್ಕಿರೊಟ್ಟಿ, ಅದಕ್ಕೆ ಕಾಳಿನ ಗೊಜ್ಜು ಇಲ್ಲವೇ ಮೊಟ್ಟೆ ಪಲ್ಯ. ಕಾಯಿಚಟ್ನಿ ಒಂದರಲ್ಲೇ ತಿಂದರೆ ಹನ್ನೊಂದು ಗಂಟೆಗೇ ಹಸಿವು. ಮಧ್ಯಾಹ್ನ ಮೊದಲು ಪಲ್ಯ, ಕಾಳು ತಿಂದು ಕೊನೆಗೆ ಅನ್ನಕ್ಕೆ ಕೈಹಾಕುತ್ತೇನೆ. ಹೀಗೆ ತಿಂದ ದಿನ ಏರಿಕೆ ಕಡಿಮೆ. ಉಂಡ ಮೇಲೆ ಕಾಲುಗಂಟೆ ಕಣದಲ್ಲಿ ಓಡಾಡುತ್ತೇನೆ. ಆಲೂಗೆಡ್ಡೆ ಹಾಸನದ ಬೆಳೆ, ಅದಿಲ್ಲದ ಸಾರು ನಮ್ಮಲ್ಲಿ ಅಪರೂಪ. ಹಾಕುತ್ತೇನೆ, ಆದರೆ ಅದನ್ನು ತರಕಾರಿ ಅಂತ ಅಲ್ಲ, ಅನ್ನದ ಲೆಕ್ಕಕ್ಕೆ ಸೇರಿಸಿಕೊಂಡು.

ಕಷ್ಟವಾಗಿದ್ದು ಬೆಲ್ಲದ ಕಾಫಿ. "ಬೆಲ್ಲ ಕಣವ್ವ, ಸಕ್ಕರೆ ಅಲ್ಲ, ಏನಾಗಲ್ಲ ಕುಡಿ" ಅಂತ ಅತ್ತೆ ಪ್ರೀತಿಯಿಂದಲೇ ಲೋಟ ಕೊಡುತ್ತಿದ್ದರು. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲಿ ಹೆಚ್ಚಿನದು ಸಕ್ಕರೆಯೇ. ಅವರ ಎದುರಿಗೇ ಮೀಟರ್ ಹಚ್ಚಿ ತೋರಿಸಿದೆ. ಈಗ ನನ್ನ ಕಾಫಿಯನ್ನು ಅವರೇ ಬೇರೆ ಬೆರೆಸುತ್ತಾರೆ.

ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8.4ರಿಂದ 6.9ಕ್ಕೆ ಬಂದಿದೆ. ಮಾತ್ರೆ ಬಿಟ್ಟಿಲ್ಲ. ನನ್ನಂತೆ ಅಳತೆ ಇಳಿಸಲು ಹೊರಟವರು ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಿದ್ದರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲು ಡಾಕ್ಟರಿಗೆ ಹೇಳಲೇಬೇಕು, ಏಕೆಂದರೆ ಊಟ ಇಳಿದು ಔಷಧಿ ಅಷ್ಟೇ ಉಳಿದರೆ ಶುಗರ್ 70ರ ಕೆಳಗೆ ಹೋಗಬಹುದು. ಕೈನಡುಕ, ಬೆವರು, ಕಣ್ಣುಕತ್ತಲೆ ಬಂದರೆ ತಕ್ಷಣ 15 ಗ್ರಾಂ ಗ್ಲೂಕೋಸ್ ಇಲ್ಲವೇ ಸಕ್ಕರೆ ನೀರಿಗೆ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ತೋಟಕ್ಕೆ ಹೋಗುವಾಗ ಗ್ಲೂಕೋಸ್ ಪುಡಿಯ ಪೊಟ್ಟಣ ನನ್ನ ಚೀಲದಲ್ಲಿ ಇದ್ದೇ ಇರುತ್ತದೆ.