"ವೋಲ್ಟೇಜ್ ಉಂಟಾ?" ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಲು ಹೋದ ಕಥೆ

ಉಡುಪಿಯ ನಮ್ಮ ಮನೆಯಲ್ಲಿ ಏಪ್ರಿಲ್-ಮೇ ಸಂಜೆ ಬಾವಿಯ ಪಂಪು ಹಾಕುವ ಮೊದಲು ಅಪ್ಪ ಕೇಳುವುದು ಒಂದೇ ಮಾತು, "ವೋಲ್ಟೇಜ್ ಉಂಟಾ?" ಫ್ಯಾನು ತೂಕಡಿಸುತ್ತಾ ತಿರುಗುತ್ತಿದ್ದರೆ ಇಲ್ಲ ಅಂತ ಅರ್ಥ. ಎಂಟೆಕ್ ಪ್ರಾಜೆಕ್ಟಿಗೆ ನಾನು ಹಿಡಿದದ್ದೂ ಹೆಚ್ಚುಕಮ್ಮಿ ಇದೇ ಪ್ರಶ್ನೆ, ಆದರೆ ದೊಡ್ಡ ಲೈನುಗಳದ್ದು. ಈಗ ವೋಲ್ಟೇಜ್ ಉಂಟು, ಸರಿ. ಇನ್ನೆಷ್ಟು ಲೋಡ್ ಹಾಕಿದರೆ ಕುಸಿಯುತ್ತದೆ? (ಮನೆಯ ಲೋ ವೋಲ್ಟೇಜ್ ಬೇರೆಯೇ ಕಾಯಿಲೆ. ಅದನ್ನು ಅಪ್ಪನಿಗೆ ವಿವರಿಸಲು ಹೋಗಿ ಸೋತಿದ್ದೇನೆ.)

ಲೋಡ್ ಏರಿದಂತೆ ವೋಲ್ಟೇಜ್ ಮೊದಲು ಮೆಲ್ಲ ಇಳಿಯುತ್ತದೆ, ಆಮೇಲೆ ಪಿವಿ ಕರ್ವಿನ (ಲೋಡಿಗೆ ತಕ್ಕಂತೆ ವೋಲ್ಟೇಜ್ ಇಳಿಯುವುದನ್ನು ತೋರಿಸುವ ಗೆರೆ) ಮೂಗಿನ ಹತ್ತಿರ, ಅಂದರೆ ಇನ್ನು ಲೋಡ್ ತಾಳದ ತುದಿಯಲ್ಲಿ, ದಬಕ್ಕನೆ. ಅಲ್ಲಿ ಜಾಕೋಬಿಯನ್ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗಿ (ಅದರ ಇನ್ವರ್ಸ್ ಸಿಗದೆ) ವೋಲ್ಟೇಜ್ ಲೆಕ್ಕ ಹಾಕುವ ನ್ಯೂಟನ್-ರಾಫ್ಸನ್ ವಿಧಾನ ಕೈಕೊಡುತ್ತದೆ. ಒಂದೊಂದು ಲೈನ್ ಹೋದರೂ ಆ ಮೂಗು ಎಲ್ಲಿಗೆ ಸರಿಯಿತು ಅಂತ ಮತ್ತೆ ಲೆಕ್ಕ ಹಾಕಬೇಕು, ದೊಡ್ಡ ಜಾಲದಲ್ಲಿ ಇದಕ್ಕೆ ಹೊತ್ತು ಹಿಡಿಯುತ್ತದೆ. ಲೆಕ್ಕವನ್ನೆಲ್ಲ ಮೊದಲೇ ಮಾಡಿ ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಿಟ್ಟರೆ, ಬಸ್ (ಲೈನುಗಳು ಕೂಡುವ ಜಾಗ) ವೋಲ್ಟೇಜ್ ಮತ್ತು ಲೋಡ್ ಕೊಟ್ಟ ತಕ್ಷಣ ಮಾರ್ಜಿನ್, ಅಂದರೆ ಮೂಗಿಗೆ ಇನ್ನೆಷ್ಟು ಲೋಡ್ ಬಾಕಿ ಅಂತ, ಹೇಳುತ್ತದೆ. ಆಸೆ ಅಷ್ಟೇ.

ಇಂಥ ಪ್ರಯೋಗಕ್ಕೆ ಎಲ್ಲರೂ ಬಳಸುವ ಮಾದರಿ ಜಾಲ, ಐಇಇಇ 14 ಬಸ್ ಸಿಸ್ಟಮ್ ತೆಗೆದುಕೊಂಡೆ. ಪಂಡಾಪವರ್ ಎಂಬ ಸಾಫ್ಟ್‌ವೇರ್‌ನಲ್ಲಿ ಲೋಡನ್ನು ಹೆಜ್ಜೆ ಹೆಜ್ಜೆಯಾಗಿ ಏರಿಸಿ, ಲೆಕ್ಕ ಕೂಡದೆ ಹೋದಲ್ಲಿ ಹಿಂದೆ ಬಂದು ಹೆಜ್ಜೆ ಅರ್ಧ ಮಾಡಿ, ಹೀಗೆ ರಾತ್ರಿಯಿಡೀ ಡೇಟಾ ಮಾಡಿದ್ದು. 20 ಕೊಂಡಿಗಳಲ್ಲಿ 7 ಮತ್ತು 8ನೇ ಬಸ್ಸುಗಳ ನಡುವಿನದನ್ನು ತೆಗೆದರೆ 8ನೇ ಬಸ್ ಒಂಟಿಯಾಗುತ್ತದೆ, ಅದನ್ನು ಗಮನಿಸದೆ ಒಂದು ದಿನ ಹಾಳು. ಸಣ್ಣ ನೆಟ್‌ವರ್ಕ್, ಎರಡೇ ಹಿಡನ್ ಲೇಯರ್. ಎರರ್ ಎಷ್ಟು ಕಡಿಮೆ ಬಂತೆಂದರೆ ನಾನು ಗೋಳಿಬಜೆ ಪಾರ್ಟಿ ಕೊಟ್ಟೆ.

ಗೈಡ್ ರಿಸಲ್ಟ್ ನೋಡಲೇ ಇಲ್ಲ. ಮೂಗಿನ ಹತ್ತಿರದ ಒಂದು ಕೇಸ್ ತೆಗೆಸಿ, 8ನೇ ಬಸ್ಸಿನ ಸಿಂಕ್ರೋನಸ್ ಕಂಡೆನ್ಸರ್ (ರಿಯಾಕ್ಟಿವ್ ಪವರ್ ಕೊಟ್ಟು ವೋಲ್ಟೇಜ್ ಹಿಡಿದಿಡುವ ಯಂತ್ರ) ಸಾಲಿನ ಮೇಲೆ ಬೆರಳಿಟ್ಟರು. "ಇದೆಂತ ಮಾರಾಯ, ಇದು ಎಷ್ಟು ಬೇಕಾದ್ರೂ ಕೊಡ್ತದಾ?" ಅದರ ಮಿತಿ 24 ಎಂವಿಎಆರ್ (ರಿಯಾಕ್ಟಿವ್ ಪವರ್ ಅಳೆಯುವ ಮಾನ). ನನ್ನ ಫೈಲಿನಲ್ಲಿ ಅದನ್ನು ಎಲ್ಲೋ ದಾಟಿತ್ತು. ಪಂಡಾಪವರ್‌ನಲ್ಲಿ ರಿಯಾಕ್ಟಿವ್ ಮಿತಿ ಪಾಲಿಸುವ ಆಯ್ಕೆಯನ್ನು ನಾವೇ ಆನ್ ಮಾಡಬೇಕು, ನಾನು ಮಾಡಿರಲಿಲ್ಲ. ಮಿತಿ ಮುಟ್ಟಿದ ಮೇಲೆ ಆ ಬಸ್ ವೋಲ್ಟೇಜ್ ಹಿಡಿದಿಡುವುದಿಲ್ಲ, ಅಂದರೆ ಪಿವಿ ಬಸ್ (ವೋಲ್ಟೇಜ್ ನಿಗದಿಯಾದದ್ದು) ಪಿಕ್ಯೂ ಬಸ್ (ರಿಯಾಕ್ಟಿವ್ ಪವರ್ ನಿಗದಿಯಾದದ್ದು) ಆಗುತ್ತದೆ, ಮೂಗು ಬೇಗ ಬರುತ್ತದೆ. 259 ಮೆಗಾವ್ಯಾಟ್ ಮೂಲ ಲೋಡನ್ನು ಹತ್ತಿರ ಹತ್ತಿರ 4 ಪಟ್ಟು ತಾಳುತ್ತಿದ್ದ ಜಾಲ, ಆಯ್ಕೆ ಆನ್ ಮಾಡಿದ ಮೇಲೆ ಅದರ ಹತ್ತಿರವೂ ಬರಲಿಲ್ಲ. ಪಾಪ, ನೆಟ್‌ವರ್ಕ್ ನಾನು ಹೇಳಿಕೊಟ್ಟ ತಪ್ಪನ್ನೇ ಚೆನ್ನಾಗಿ ಕಲಿತಿತ್ತು.

ಎಲ್ಲ ಮತ್ತೆ ಶುರು. ಈ ಸಲ ಇನ್ನೊಂದು ಕಳ್ಳತನವೂ ಸಿಕ್ಕಿತು. ಸುಮ್ನೆ ರ‍್ಯಾಂಡಮ್ ಆಗಿ ಡೇಟಾ ಹಂಚಿದ್ದೆ, ಹಾಗಾಗಿ ಒಂದೇ ಕರ್ವಿನ ಅಕ್ಕಪಕ್ಕದ ಬಿಂದುಗಳು ಟ್ರೇನಿಂಗಿನಲ್ಲೂ ಇದ್ದವು, ಟೆಸ್ಟಿನಲ್ಲೂ ಇದ್ದವು, ಪರೀಕ್ಷೆಯ ಹಿಂದಿನ ದಿನ ಪೇಪರ್ ಕೊಟ್ಟ ಹಾಗೆ. ಕೆಲವು ಲೈನ್‌ಗಳ ಕೇಸನ್ನು ಪೂರ್ತಿ ಬದಿಗಿಟ್ಟು ಟೆಸ್ಟ್ ಮಾಡಿದೆ. ಎರರ್ ಏರಿತು, ಗೋಳಿಬಜೆ ಇಲ್ಲ.

ಕೊನೆಗೆ ಲಾಸ್ ಫಂಕ್ಷನ್, ಅಂದರೆ ಕಲಿಯುವಾಗ ತಪ್ಪಿಗೆ ದಂಡ ಹಾಕುವ ಸೂತ್ರ, ಬದಲಿಸಿದೆ. ಮಾರ್ಜಿನ್ ಕಡಿಮೆ ಹೇಳಿದರೆ ಆಪರೇಟರ್ ಸ್ವಲ್ಪ ಜಾಸ್ತಿ ಜಾಗ್ರತೆ ಮಾಡುತ್ತಾನೆ, ಜಾಸ್ತಿ ಹೇಳಿದರೆ ಕತ್ತಲೆ. ಹಾಗಾಗಿ ಜಾಸ್ತಿ ಹೇಳಿದ್ದಕ್ಕೆ ದೊಡ್ಡ ದಂಡ. ಈಗ ಮಾರ್ಜಿನ್ ತೆಳು ಅಂತ ಅದು ಹೇಳಿದ ಕೇಸುಗಳನ್ನು ಮಾತ್ರ ಪೂರ್ತಿ ಲೆಕ್ಕಕ್ಕೆ ಕಳಿಸುತ್ತೇನೆ, ಉಳಿದವನ್ನು ಬಿಡುತ್ತೇನೆ. 8ನೇ ಬಸ್ಸಿನ ಸಾಲನ್ನು ಮಾತ್ರ ಇವತ್ತಿಗೂ ಕಣ್ಣಾರೆ ನೋಡುತ್ತೇನೆ.