ಮಾಳಿಗೆಯ ಗಾಳಿಯಲ್ಲಿ ಪುಟ್ಟ ಗ್ಯಾಸ್ ಗ್ರಿಲ್

ಎರಡು ವರ್ಷಗಳ ಹಿಂದೆ ದೀಪಾವಳಿಗೆಂದು ಊರಿಗೆ ಬರುವಾಗ ನನ್ನ ಕಿರಿಯ ಮಗ ಹುಬ್ಬಳ್ಳಿಯಿಂದ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದ. ಅದರೊಳಗೆ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಗ್ಯಾಸ್ ಗ್ರಿಲ್ ಇತ್ತು. ತೆಳ್ಳನೆಯ ತಗಡಿನ ಮೈ, ಒಂದೇ ಬರ್ನರ್, ಮೇಲೆ ತಂತಿಯ ಜಾಲರಿ, ಅದಕ್ಕೊಂದು ಮುಚ್ಚಳ, ಮಡಚುವ ಕಾಲುಗಳು. ನಾಲ್ಕು ಸಾವಿರ ರೂಪಾಯಿಯ ಒಳಗೇ ಬಂದ ವಸ್ತು. ಅಂದೇ ಸಂಜೆ ಬೆಟಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಮಕ್ಕಳೆಲ್ಲ ಸೇರಿ ಅದನ್ನು ಹೊತ್ತಿಸಿದರು. ಮುಳಗಾಯಿ ಹೊರಗೆ ಕರಕಲಾಗಿ ಒಳಗೆ ಹಸಿಯಾಗಿಯೇ ಉಳಿಯಿತು. ಪನೀರ್ ಜಾಲರಿಗೆ ಅಂಟಿಕೊಂಡು ಹರಿಯಿತು. ಗಾಳಿಗೆ ಉರಿ ಎರಡು ಸಲ ಆರಿತು. ಅಗ್ಗದ್ದು ಇಷ್ಟೇ ಎಂದು ಮರುದಿನ ಅದನ್ನು ಅಟ್ಟದ ಮೇಲೆ ಇಟ್ಟುಬಿಟ್ಟರು.

ನನಗೆ ಹಾಗೆನ್ನಿಸಲಿಲ್ಲ. ನಲವತ್ತೈದು ವರ್ಷಗಳಿಂದ ದಿನವೂ ರೊಟ್ಟಿ ಬಡಿಯುತ್ತಿದ್ದೇನೆ. ಕಟ್ಟಿಗೆ ಒಲೆ, ಸೀಮೆಎಣ್ಣೆ ಸ್ಟೋವ್, ಗ್ಯಾಸ್ ಮೂರನ್ನೂ ಕಂಡಿದ್ದೇನೆ. ಒಲೆ ಯಾವುದಾದರೂ ಅದರ ಉರಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ, ಕಾಯಲು ಎಷ್ಟು ಹೊತ್ತು ಬೇಕು ಎಂಬುದನ್ನು ತಿಳಿಯುವವರೆಗೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಆ ಗ್ರಿಲ್ ಅನ್ನು ಅಟ್ಟದಿಂದ ಇಳಿಸಿ ನಾಲ್ಕಾರು ವಾರ ಒಬ್ಬಳೇ ಅಡುಗೆ ಮಾಡಿ ನೋಡಿದೆ. ಅದರ ತೊಂದರೆಗಳೆಲ್ಲ ಒಂದೇ ಕಾರಣಕ್ಕೆ ಹುಟ್ಟುತ್ತವೆ: ಮೈ ತೆಳ್ಳಗಿದೆ, ಆದ್ದರಿಂದ ಕಾವು ನಿಲ್ಲುವುದಿಲ್ಲ. ದಪ್ಪ ಕಬ್ಬಿಣದ ದುಬಾರಿ ಗ್ರಿಲ್ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದರಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು.

ಅಡುಗೆಗೆ ಮೊದಲು ಗ್ಯಾಸಿನ ಮಾತು ಹೇಳಿಬಿಡುತ್ತೇನೆ. ಇದರಲ್ಲಿ ನಾನು ಯಾರಿಗೂ ಸಡಿಲು ಬಿಡುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ನಮ್ಮ ಕಡೆಯ ಹಳೆಯ ಮಾಳಿಗೆಗಳಲ್ಲಿ ಬೆಳಕಿಂಡಿ ಇರುತ್ತದೆ, ಮೆಟ್ಟಿಲಿನ ಬಾಯಿ ಇರುತ್ತದೆ. ಅವುಗಳ ಪಕ್ಕದಲ್ಲಿ ಸಿಲಿಂಡರ್ ಇಟ್ಟರೆ ಮೇಲೆ ಸೋರಿದ ಅನಿಲ ಕೆಳಗೆ ದೇವರ ದೀಪ ಉರಿಯುವ ಕೋಣೆಗೆ ಇಳಿಯುತ್ತದೆ. ಮಾಳಿಗೆಯ ಮೇಲೆ ಬಯಲಿನಲ್ಲಿದ್ದೇವೆ ಎಂಬ ಧೈರ್ಯದಲ್ಲಿ ಇದನ್ನು ಮರೆಯುವವರೇ ಹೆಚ್ಚು. ಈ ಎರಡರಿಂದಲೂ ದೂರ ಇಡಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಒಳಗಿನ ದ್ರವವೇ ಪೈಪಿಗೆ ಬರುತ್ತದೆ.

ರೆಗ್ಯುಲೇಟರ್ ಮನೆಯ ಒಲೆಗೆ ಹಾಕುವಂಥದ್ದೇ ಇರಲಿ. ಹೋಟೆಲಿನ ದೊಡ್ಡ ಭಟ್ಟಿಗೆ ಹಾಕುವ, ಒತ್ತಡ ಏರಿಸುವ ರೆಗ್ಯುಲೇಟರನ್ನು ಈ ಪುಟ್ಟ ಬರ್ನರ್ ತಡೆಯಲಾರದು. ಉರಿ ಸಾಲದು ಎಂದು ಅದನ್ನು ಹಾಕಿಸಿಕೊಂಡವರನ್ನು ನೋಡಿದ್ದೇನೆ. ಉರಿ ಬರ್ನರಿನ ಮೇಲಿಂದ ಎದ್ದು ಹಾರುತ್ತಿತ್ತು. ಪೈಪು ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ್ದಾಗಿರಲಿ, ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೆ ಬದಲಿಸಿ. ಮಾಳಿಗೆಯ ಬಿಸಿಲಿಗೆ ಬಿಟ್ಟರೆ ಅದಕ್ಕೂ ಮೊದಲೇ ಬಿರುಕು ಬಿಡುತ್ತದೆ. ಜೋಡಿಸಿದ ಮೇಲೆ ಸೋಪಿನ ನೀರನ್ನು ಸಂದುಗಳಿಗೆ ಸವರಿ ನೋಡಿ. ಗುಳ್ಳೆ ಎದ್ದರೆ ಅಂದು ಗ್ರಿಲ್ ಹೊತ್ತಿಸಬಾರದು. ಸೋರಿಕೆ ನಿಲ್ಲದಿದ್ದರೆ 1906 ಸಂಖ್ಯೆಗೆ ಕರೆ ಮಾಡಿ, ಹಗಲಿರುಳು ಉತ್ತರ ಸಿಗುತ್ತದೆ. ಇನ್ನೊಂದು ಮಾತು, ದೊಡ್ಡ ಸಿಲಿಂಡರಿನಿಂದ ಪುಟ್ಟದಕ್ಕೆ ಅನಿಲ ತುಂಬಿಕೊಡುವ ಅಂಗಡಿಗಳಿಗೆ ದಯವಿಟ್ಟು ಹೋಗಬೇಡಿ. 5 ಕಿಲೋ ಸಿಲಿಂಡರ್ ಈಗ ಅಧಿಕೃತವಾಗಿಯೇ ಸಿಗುತ್ತದೆ.

ಹೊತ್ತಿಸುವಾಗ ಮುಚ್ಚಳ ತೆರೆದೇ ಇರಬೇಕು. ಮೊದಲ ದಿನ ಗಾಳಿಗೆ ಉರಿ ಆರಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಮುಚ್ಚಿದ ಮುಚ್ಚಳದ ಒಳಗೆ ಅನಿಲ ತುಂಬಿಕೊಂಡಿತ್ತು. ನನ್ನ ಅಳಿಯ ಮುಚ್ಚಳ ಎತ್ತಿದವನೇ ಲೈಟರ್ ಒತ್ತಿದ. ಭಗ್ ಎಂದು ಎದ್ದ ಉರಿಗೆ ಮುಂಗೈ ಕೂದಲು, ಹುಬ್ಬು ಸುಟ್ಟವು. ಕಣ್ಣು ಉಳಿದದ್ದು ದೇವರ ದಯೆ. ಉರಿ ಆರಿದರೆ ನಾಬ್ ಮುಚ್ಚಿ, ಮುಚ್ಚಳ ತೆರೆದಿಟ್ಟು, ಐದು ನಿಮಿಷ ಸುಮ್ಮನೆ ನಿಂತಿರಿ. ಆಮೇಲೆ ಹೊತ್ತಿಸಿ.

ಗದಗಿನ ಗಾಳಿಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಂಡವರಿಗೆಲ್ಲ ಅದು ಗೊತ್ತು. ಕಾರ ಹುಣ್ಣಿಮೆಯಿಂದ ಆಷಾಢ ಮುಗಿಯುವವರೆಗೆ ಮಾಳಿಗೆಯ ಮೇಲೆ ಗ್ರಿಲ್ ಹೊತ್ತಿಸುವ ಆಸೆಯನ್ನೇ ಬಿಡಬೇಕು. ಉಳಿದ ತಿಂಗಳುಗಳಲ್ಲಿಯೂ ಗೋಡೆಯ ಮರೆ ಬೇಕು. ಆದರೆ ಗ್ರಿಲ್ ಮತ್ತು ಸಿಲಿಂಡರ್ ಎರಡನ್ನೂ ಒಟ್ಟಿಗೆ ತಗಡು ಸುತ್ತಿ ಮರೆ ಮಾಡಬಾರದು. ಕಾವು ಒಳಗೇ ತಿರುಗಿ ಸಿಲಿಂಡರನ್ನು ಬಿಸಿ ಮಾಡುತ್ತದೆ. ಗಾಳಿ ಬರುವ ಕಡೆಗೆ ಸಿಲಿಂಡರ್, ಗಾಳಿ ಹೋಗುವ ಕಡೆಗೆ ಗ್ರಿಲ್ ಇಟ್ಟರೆ ಬಿಸಿಗಾಳಿ ಪೈಪಿನ ಮೇಲೆ ಹಾಯುವುದಿಲ್ಲ. ಗಾಳಿ ಹೆಚ್ಚಾಯಿತೆಂದು ಗ್ರಿಲ್ ಅನ್ನು ಎತ್ತಿಕೊಂಡು ಮೆಟ್ಟಿಲ ಕೋಣೆಗೆ ಹೋಗುವುದಂತೂ ಬೇಡವೇ ಬೇಡ. ಮುಚ್ಚಿದ ಜಾಗದಲ್ಲಿ ಉರಿದರೆ ವಾಸನೆ ಇಲ್ಲದ ವಿಷಾನಿಲ ತುಂಬುತ್ತದೆ, ತಲೆ ಸುತ್ತಿ ಬೀಳುವವರೆಗೆ ಗೊತ್ತೇ ಆಗುವುದಿಲ್ಲ.

ಈಗ ಉರಿಯನ್ನು ನೋಡಿ. ನೀಲಿಯಾಗಿದ್ದು ತುದಿಯಲ್ಲಿ ಮಾತ್ರ ತುಸು ಹಳದಿ ಇದ್ದರೆ ಸರಿ. ಪೂರ್ತಿ ಹಳದಿಯಾಗಿ, ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಗಾಳಿ ಸಾಲದು ಎಂದು ಅರ್ಥ. ಬರ್ನರಿನ ಕೊಳವೆ ಶುರುವಾಗುವಲ್ಲಿ ಗಾಳಿ ಒಳಗೆ ಸೇರುವ ಕಿಂಡಿ ಇರುತ್ತದೆ. ಅಲ್ಲಿಯೇ ಜೇಡ ಬಲೆ ಕಟ್ಟುತ್ತದೆ, ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ನಮ್ಮದನ್ನು ನಾಲ್ಕು ತಿಂಗಳು ಬಿಟ್ಟು ತೆಗೆದಾಗ ಅರ್ಧ ಕೊಳವೆ ಮಣ್ಣಿನಿಂದಲೇ ತುಂಬಿತ್ತು. ಬರ್ನರ್ ಬಿಚ್ಚಿ, ಬಾಟಲಿ ತೊಳೆಯುವ ಉದ್ದನೆಯ ಬ್ರಷ್ ತೂರಿಸಿ ಎಳೆಯಬೇಕು. ಮೇಲಿನ ತೂತುಗಳನ್ನು ಸಣ್ಣ ತಂತಿಯಿಂದ ಬಿಡಿಸಿ, ಆದರೆ ತೂತು ದೊಡ್ಡದಾಗುವಂತೆ ಕೊರೆಯಬೇಡಿ. ಕೆಟ್ಟುಹೋಯಿತೆಂದು ಗುಜರಿಗೆ ಹಾಕುವ ಮೊದಲು ಇದೊಂದನ್ನು ಮಾಡಿ ನೋಡಿ.

ಕಾಯಿಸುವ ವಿಷಯಕ್ಕೆ ಬರೋಣ. ಹಂಚು ಕಾಯದೆ ರೊಟ್ಟಿ ಹಾಕಿದರೆ ಅದು ಅಂಟಿಕೊಳ್ಳುತ್ತದೆ, ಮೇಲೇಳುವುದಿಲ್ಲ. ಜಾಲರಿಯ ಕಥೆಯೂ ಅದೇ. ಮುಚ್ಚಳ ಹಾಕಿ, ಉರಿ ಪೂರ್ತಿ ಇಟ್ಟು, ಹತ್ತು ನಿಮಿಷ ಕಾಯಬೇಕು. ಹಂಚಿನ ಮೇಲೆ ನೀರು ಚಿಮುಕಿಸಿ ನೋಡುವ ಹಾಗೆ ಇಲ್ಲಿ ಮಾಡಲಾಗುವುದಿಲ್ಲ, ನೀರು ಜಾರಿ ಬರ್ನರಿನ ಮೇಲೆ ಬೀಳುತ್ತದೆ. ಜಾಲರಿಯಿಂದ ನಾಲ್ಕು ಇಂಚು ಮೇಲೆ ಅಂಗೈ ಹಿಡಿದು ಎಣಿಸಿ. ಮೂರು ಎಣಿಸುವಷ್ಟರಲ್ಲಿ ಕೈ ಹಿಂದಕ್ಕೆ ಬಂದರೆ ಜೋರು ಕಾವು, ಆರರವರೆಗೆ ತಡೆದರೆ ಮಧ್ಯಮ. ಎಣ್ಣೆಯನ್ನು ಜಾಲರಿಗೆ ಸುರಿಯದೆ ಸುಡುವ ಪದಾರ್ಥಕ್ಕೆ ತೆಳ್ಳಗೆ ಸವರಿ. ಹಾಕಿದ ಮೇಲೆ ಎರಡು ಮೂರು ನಿಮಿಷ ಮುಟ್ಟಬೇಡಿ. ಕೆಳಗೆ ಕಂದು ಬಣ್ಣ ಬಂದಾಗ ಅದು ತಾನಾಗಿಯೇ ಬಿಡುತ್ತದೆ. ಆ ದಿನ ನಮ್ಮ ಪನೀರ್ ಹರಿದದ್ದು ಮಕ್ಕಳು ಅವಸರದಿಂದ ಕಿತ್ತದ್ದಕ್ಕೆ.

ಒಂದೇ ಬರ್ನರ್ ಇರುವುದರಿಂದ ಕಡಿಮೆ ಕಾವಿನ ಜಾಗ ಎಂಬುದೇ ಇರುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಹಳೆಯ ಕಬ್ಬಿಣದ ಹಂಚು. ಸಣ್ಣದೊಂದನ್ನು ಜಾಲರಿಯ ಒಂದು ಬದಿಗೆ ಇಟ್ಟುಬಿಡಿ. ಅದು ಕೆಳಗಿನ ಉರಿಗೆ ಅಡ್ಡ ನಿಲ್ಲುತ್ತದೆ, ಜೊತೆಗೆ ತಾನೂ ಕಾದು ಕಾವನ್ನು ಹಿಡಿದಿಡುತ್ತದೆ. ಜಾಲರಿಯ ಮೇಲೆ ಬಣ್ಣ ಬಂದದ್ದನ್ನು ಹಂಚಿನ ಮೇಲಕ್ಕೆ ಸರಿಸಿ ಮುಚ್ಚಳ ಹಾಕಿದರೆ ಒಳಗೂ ಬೇಯುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಜಾಲರಿ ಮುಚ್ಚಬಾರದು. ಮೇಲೆ ಹೋಗಬೇಕಾದ ಕಾವು ಕೆಳಗೆ ತಿರುಗಿ ನಾಬನ್ನು, ಪೈಪಿನ ಬಾಯಿಯನ್ನು ಸುಡುತ್ತದೆ.

ಮುಳಗಾಯಿ ಭರ್ತಕ್ಕೆ ಈ ಗ್ರಿಲ್‌ನಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ಅಡುಗೆಮನೆಯ ಒಲೆಯ ಮೇಲೆ ಸುಟ್ಟರೆ ರಸ ಸೋರಿ ಬರ್ನರ್ ಹಾಳಾಗುತ್ತದೆ. ಎಣ್ಣೆಗಾಯಿಗೆ ತರುವ ಸಣ್ಣವು ಬೇಡ, ದೊಡ್ಡದು, ಹಗುರವಾದದ್ದು ಆರಿಸಿ. ಎತ್ತಿದಾಗ ಭಾರವೆನ್ನಿಸಿದರೆ ಬೀಜ ಹೆಚ್ಚಿರುತ್ತದೆ. ಒಂದು ಕಡೆ ಸೀಳಿ ಹುಳು ನೋಡಿ, ಅದೇ ಸೀಳಿನಲ್ಲಿ ನಾಲ್ಕು ಎಸಳು ಬಳ್ಳೊಳ್ಳಿ, ಒಂದು ಹಸಿಮೆಣಸಿನಕಾಯಿ ತೂರಿಸಿ. ಶೇಂಗಾ ಎಣ್ಣೆ ಸವರಿ ಮಧ್ಯಮ ಕಾವಿಗೆ ಇಟ್ಟು, ನಾಲ್ಕೂ ಮಗ್ಗುಲು ತಿರುಗಿಸುತ್ತ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಿ. ತೊಟ್ಟಿನ ಹತ್ತಿರ ಒತ್ತಿದಾಗ ಮೆತ್ತಗಾಗಿದ್ದರೆ ಆಯಿತು. ತಕ್ಷಣ ಒಂದು ಪಾತ್ರೆಗೆ ಹಾಕಿ ಮುಚ್ಚಿಡಿ, ಹತ್ತು ನಿಮಿಷದಲ್ಲಿ ಸಿಪ್ಪೆ ತಾನೇ ಸುಲಿದುಕೊಳ್ಳುತ್ತದೆ. ಸುಲಿಯಲು ಅವಸರವೆಂದು ನೀರಿನಲ್ಲಿ ಅದ್ದುವವರಿದ್ದಾರೆ. ಸುಟ್ಟ ರುಚಿಯೆಲ್ಲ ನೀರಿಗೆ ಹೋಗುತ್ತದೆ, ಕೈಯನ್ನು ಮಾತ್ರ ಒದ್ದೆ ಮಾಡಿಕೊಳ್ಳಿ. ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಉಪ್ಪು, ಮೇಲೊಂದು ಒಗ್ಗರಣೆ. ಮೊಸರು ಬೆರೆಸುವುದು ನಿಮ್ಮ ಇಷ್ಟ, ನಾನು ಬೆರೆಸುವುದಿಲ್ಲ.

ಗೋವಿನಜೋಳದ ತೆನೆಯನ್ನು ಸಿಪ್ಪೆಯ ಸಮೇತ ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಸಿ ಹಾಗೆಯೇ ಜಾಲರಿಯ ಮೇಲಿಡಿ. ಒಳಗಿನ ಕಾಳು ಹಬೆಯಲ್ಲಿ ಬೇಯುತ್ತದೆ. ಕಾಲು ಗಂಟೆಯ ಮೇಲೆ ಸಿಪ್ಪೆ ಬಿಡಿಸಿ ಎರಡು ನಿಮಿಷ ಜೋರು ಉರಿಗೆ ಹಿಡಿದರೆ ಸಾಕು. ಮೊದಲಿನಿಂದಲೇ ಬರಿ ತೆನೆ ಸುಟ್ಟರೆ ಕಾಳು ಒಣಗಿ ಹಲ್ಲಿಗೆ ಗಟ್ಟಿಯಾಗುತ್ತದೆ.

ಚಳಿಗಾಲದಲ್ಲಿ ಕಡಲೆಯ ಸುಲಗಾಯಿ ಬಂದಾಗ ಅದನ್ನು ತೂತಿನ ತಟ್ಟೆಯಲ್ಲಿ ಹಾಕಿ ಸುಡುವುದುಂಟು, ಚೆನ್ನಾಗಿಯೇ ಆಗುತ್ತದೆ. ಸೀತನಿಯನ್ನು ಮಾತ್ರ ಇದರಲ್ಲಿ ಮಾಡಬೇಡಿ. ಹೊಲದಲ್ಲಿ ಕುಳ್ಳಿನ ಕೆಂಡದಲ್ಲಿ ಸುಟ್ಟ ಎಳೆ ಜೋಳದ ತೆನೆಗೆ ಬರುವ ವಾಸನೆ ಗ್ಯಾಸಿನಿಂದ ಬರುವುದಿಲ್ಲ. ಗ್ಯಾಸಿನ ಉರಿಗೆ ತನ್ನದೆಂಬ ಹೊಗೆಯಿಲ್ಲ. ಎಣ್ಣೆ, ರಸ ಬಿಸಿ ತಗಡಿನ ಮೇಲೆ ಬಿದ್ದು ಎದ್ದ ಹೊಗೆಯೇ ಇಲ್ಲಿ ಸಿಗುವ ರುಚಿ.

ಪನೀರಿಗೆ ಹಚ್ಚುವ ಮಸಾಲೆಗೆ ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ ಅರೆಯಿರಿ. ಬಣ್ಣ ಗಾಢ, ಖಾರ ಹಿತ, ಅಂಗಡಿಯ ಕೆಂಪು ಬಣ್ಣ ಬೇಕಾಗುವುದಿಲ್ಲ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯಿರಿ, ಒಂದು ಚಮಚ ಪುಟಾಣಿ ಹಿಟ್ಟು ಬೆರೆಸಿದರೆ ಮಸಾಲೆ ಜಾರದೆ ಹಿಡಿದುಕೊಳ್ಳುತ್ತದೆ. ಬೆಲ್ಲ ಅಥವಾ ಜೇನು ಬೇಕಿದ್ದರೆ ಇಳಿಸುವ ಎರಡು ನಿಮಿಷ ಮೊದಲು ಸವರಿ, ಮೊದಲೇ ಹಾಕಿದರೆ ಕರಿಯಾಗಿ ಕಹಿಯಾಗುತ್ತದೆ. ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಕೋಳಿ ಸುಡುವ ಮನೆಯವರು ತುಂಡನ್ನು ಮೂಳೆಯವರೆಗೆ ಸೀಳಿಕೊಳ್ಳಲಿ, ಒಳಗಿನ ಕಾವು 74 ಡಿಗ್ರಿ ಸೆಲ್ಸಿಯಸ್ ಮುಟ್ಟಲಿ. ಹಸಿ ಮಾಂಸ ಮುಟ್ಟಿದ ಇಕ್ಕಳ, ತಟ್ಟೆಗಳನ್ನು ಬೆಂದದ್ದಕ್ಕೆ ಬಳಸದಿರಲಿ.

ನನಗೆ ಈ ಗ್ರಿಲ್ ನಿಜವಾಗಿ ಹಿಡಿಸಿದ್ದು ರೊಟ್ಟಿಗೆ. ಹಿಂದೆ ಕಟ್ಟಿಗೆ ಒಲೆಯಲ್ಲಿ ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಗೆ ಎಳೆದ ಕೆಂಡದ ಮುಂದೆ ಆನಿಸಿ ನಿಲ್ಲಿಸುತ್ತಿದ್ದೆವು. ಅದು ಅಲ್ಲಿಯೇ ಉಬ್ಬುತ್ತಿತ್ತು. ಈಗ ಹಂಚಿನ ಮೇಲೆ ನೀರು ಸವರಿ, ತಿರುವಿ, ಎರಡೂ ಕಡೆ ಬೆಂದ ರೊಟ್ಟಿಯನ್ನು ಕಾದ ಜಾಲರಿಗೆ ದಾಟಿಸುತ್ತೇನೆ. ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಪುಟಿದು ಉಬ್ಬುತ್ತದೆ. ಹಿಟ್ಟನ್ನು ಕುದಿಯುವ ನೀರಿನಿಂದ ನಾದಿರಬೇಕು, ಅಂಚು ದಪ್ಪವಾಗಿರಬಾರದು, ಇಲ್ಲದಿದ್ದರೆ ಯಾವ ಒಲೆಯಲ್ಲಿಯೂ ಉಬ್ಬುವುದಿಲ್ಲ. ಕಟಕ ರೊಟ್ಟಿ ಬೇಕಾದರೆ ಉರಿಯನ್ನು ಅತಿ ಸಣ್ಣದು ಮಾಡಿ, ಮುಚ್ಚಳ ತೆರೆದು, ಜಾಲರಿಯ ಅಂಚಿಗೆ ಹರಡಿ ಬಿಡಿ. ಹೊರಗೆ ಪ್ರಯಾಣಕ್ಕೆ ಬುತ್ತಿ ಕಟ್ಟುವ ದಿನ ಮೂವತ್ತು ರೊಟ್ಟಿಯನ್ನು ಹೀಗೆ ಒಣಗಿಸಿದ್ದೇನೆ.

ಅನಿಲ ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರಿಗೆ ಒದ್ದೆ ಬಟ್ಟೆ ಒರೆಸಿ. ದ್ರವ ಇರುವ ಭಾಗ ತಂಪಾಗಿರುವುದರಿಂದ ನಿಧಾನವಾಗಿ ಆರುತ್ತದೆ, ಅದರ ಮೇಲಿನ ಖಾಲಿ ಭಾಗ ಬೇಗ ಆರುತ್ತದೆ. ಇಂಥ ಪುಟ್ಟ ಬರ್ನರಿಗೆ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು ಕಾಲು ಕಿಲೋ ಅನಿಲ ಬೇಕು ಎಂದು ಲೆಕ್ಕ ಹಿಡಿಯಿರಿ.

ಅಡುಗೆ ಮುಗಿದ ಮೇಲೆ ಐದು ನಿಮಿಷ ಪೂರ್ತಿ ಉರಿಯಲ್ಲಿ ಬಿಟ್ಟರೆ ಅಂಟಿದ್ದೆಲ್ಲ ಬೂದಿಯಾಗುತ್ತದೆ. ಆಮೇಲೆ ಮೊದಲು ರೆಗ್ಯುಲೇಟರ್ ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದು ಆರಿದ ಮೇಲೆ ನಾಬ್ ಮುಚ್ಚಿ. ಜಾಲರಿ ಬಿಸಿಯಿರುವಾಗಲೇ ಅರ್ಧ ಉಳ್ಳಾಗಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ಉಜ್ಜಿ, ತಣ್ಣಗಾದ ಮೇಲೆ ತೆಂಗಿನ ನಾರಿನಿಂದ ತಿಕ್ಕಿ. ತಂತಿಯ ಬ್ರಷ್ ಬಳಸಬೇಡಿ, ಅದರ ಎಳೆ ಮುರಿದು ಜಾಲರಿಗೆ ಸಿಕ್ಕಿಕೊಂಡರೆ ಊಟದ ಜೊತೆ ಗಂಟಲಿಗೆ ಹೋಗುತ್ತದೆ. ಜಿಡ್ಡು ಬೀಳುವ ತಟ್ಟೆಯನ್ನು ಪ್ರತಿ ಸಲ ತೊಳೆಯಿರಿ. ಅಲ್ಲಿ ಹಳೆಯ ಎಣ್ಣೆ ನಿಂತರೆ ಮುಂದಿನ ಸಲ ಅದಕ್ಕೇ ಬೆಂಕಿ ಹತ್ತುತ್ತದೆ. ಹಾಗೆ ಹತ್ತಿದರೆ ನೀರು ಹಾಕಬೇಡಿ, ಗ್ಯಾಸ್ ಮುಚ್ಚಿ ಮುಚ್ಚಳ ಹಾಕಿ.

ಕಾರ ಹುಣ್ಣಿಮೆಗೆ ಮೊದಲು ನಾನು ಜಾಲರಿಗೆ ಎಣ್ಣೆ ಸವರಿ, ಕಾಗದ ಸುತ್ತಿ, ಗ್ರಿಲ್ ಅನ್ನು ಒಳಗೆ ತೆಗೆದಿಡುತ್ತೇನೆ. ಸಿಲಿಂಡರ್ ಬೇರೆ ಕಡೆ, ಗಾಳಿ ಆಡುವ ಜಾಗದಲ್ಲಿ ಇರುತ್ತದೆ. ಬರ್ನರಿನ ಕೊಳವೆಯ ಬಾಯಿಗೆ ಕುಂಬಾರ ಹುಳು ಹೊಗದಂತೆ ಇಳಕಲ್ ಸೀರೆಯ ಹಳೆಯ ಚಿಂದಿ ತುರುಕಿ, ಅದಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿ ಮುಚ್ಚಳದ ಹೊರಗೆ ಇಳಿಬಿಡುತ್ತೇನೆ. ಶ್ರಾವಣ ಕಳೆದು ಯಾರೇ ತೆಗೆದರೂ ಮೊದಲು ಆ ದಾರ ಕಣ್ಣಿಗೆ ಬೀಳುತ್ತದೆ, ಚಿಂದಿ ಎಳೆದ ಮೇಲೆಯೇ ಹೊತ್ತಿಸುತ್ತಾರೆ.